ಗುರುವಾರದ ಕ್ಷೌರ

ಕೆರ್ಮಾನಿನ ಹೊರಗೆ, ಇಟ್ಟಿಗೆ ಗೂಡಿನ ಹಿಂದೆ,
ಗಂಡಸರಷ್ಟೇ ಇರುವ ಆ ಹಳದಿ ಮನೆಗೆ
ಗುರುವಾರಕ್ಕೊಮ್ಮೆ ಹೋಗುತ್ತೇನೆ,
ಬೈಕಿನ ಹಿಂದೆ ಕತ್ತರಿಯ ಪೆಟ್ಟಿಗೆ ಬಿಗಿದುಕೊಂಡು.

ಒಳಗೆ ಬ್ಲೇಡಿಲ್ಲ, ಕನ್ನಡಿಯಿಲ್ಲ,
ಸೊಂಟದ ಬೆಲ್ಟನ್ನೂ ಬಾಗಿಲಲ್ಲೇ ಬಿಚ್ಚಿಸುತ್ತಾರೆ.
ಜಾರುವ ಪ್ಯಾಂಟನ್ನು ಒಂದು ಕೈಲಿ ಎತ್ತಿಹಿಡಿದು
ಇನ್ನೊಂದು ಕೈಲಿ ಸಲಾಮು ಹೇಳುತ್ತಾರೆ ನಲವತ್ತು ಮಂದಿ.
ನಗಬಾರದು.
ಮೊದಲ ಸಲ ನಕ್ಕಿದ್ದೆ.

ಅಂಗಳದ ದಾಳಿಂಬೆ ಗಿಡದ ಬಳಿ ಒಂದೇ ಕುರ್ಚಿ.
ಕೊರಳಿಗೆ ಬಟ್ಟೆ ಕಟ್ಟಿದರೆ ಸಾಕು, ಕೂತವನು ಕಣ್ಣು ಮುಚ್ಚುತ್ತಾನೆ.
ಕಣ್ಣು ಮುಚ್ಚಿದರೆ ಬಾಯಿ ಬಿಚ್ಚುತ್ತದೆ.
ಸಂಜೆಯ ಸಭೆಯಲ್ಲಿ ಎದ್ದು ನಿಂತು ಹೇಳಲಾರದ್ದನ್ನು
ನೊರೆ ಮೆತ್ತಿದ ಕೆನ್ನೆಯ ಮರೆಯಲ್ಲಿ ಹೇಳುತ್ತಾರೆ.

ನುಸ್ರತ್, ಬಂದರಿನಿಂದ ಲಾರಿ ಹೊಡೆಯುತ್ತಿದ್ದವನು:
"ರಾತ್ರಿ ನಿದ್ದೆ ಹತ್ತದಿರಲಿ ಅಂತ ಶುರುಮಾಡಿದ್ದು.
ಬಿಟ್ಟು ಹನ್ನೊಂದು ದಿನ, ನಿದ್ದೆ ಹತ್ತಿರವೂ ಸುಳಿದಿಲ್ಲ.
ಕೇಳಿದ್ದನ್ನು ಕೊಟ್ಟಿದ್ದಾನೆ ದೇವರು,
ಸ್ವಲ್ಪ ತಡವಾಗಿ."

ಮೆಹ್ರಾಬನಿಗೆ ಜಮಖಾನೆಯ ವ್ಯಾಪಾರ.
ಬೆನ್ನುನೋವಿಗೆಂದು ಅಪ್ಪನೇ ಕೊಟ್ಟನಂತೆ
ಕಡಲೆಕಾಳಿನಷ್ಟು ಅಫೀಮು, ಚಹಾದಲ್ಲಿ ಕದಡಿ.
"ಅಪ್ಪನ ಮೇಲೆ ಸಿಟ್ಟಿಲ್ಲ. ಅವನಿಗೆ ಅವನಪ್ಪ ಕೊಟ್ಟದ್ದು.
ಆಸ್ತಿಯಲ್ಲಿ ಅದೊಂದೇ ನೋಡಿ,
ಅಣ್ಣತಮ್ಮಂದಿರಲ್ಲಿ ಹರಿದು ಹಂಚಿಹೋಗದೆ
ಇಡಿಯಾಗಿ ನನಗೆ ಬಂತು."

ಒಳಕೋಣೆಯಲ್ಲಿ ಹೊಸಬನೊಬ್ಬ ನರಳುತ್ತಿದ್ದಾನೆ.
ಇಬ್ಬರು ಅವನ ಮೀನಖಂಡ ನೀವುತ್ತಿದ್ದಾರೆ;
ಅವರಲ್ಲೊಬ್ಬ ಹಿಂದಿನ ತಿಂಗಳ ನರಳಾಟದವನು.
ಯಾರೂ ಬುದ್ಧಿ ಹೇಳುವುದಿಲ್ಲ. ಎಣ್ಣೆ ಇದೆ, ಕೈಗಳಿವೆ.

ನಾಳೆ ಶುಕ್ರವಾರ, ಗೇಟಿನಾಚೆ ಹೆಂಡಿರು ಬರುತ್ತಾರೆ.
ಅದಕ್ಕೇ ಗುರುವಾರ ನಾನು.
ಕಳೆದ ವಾರ ಮೆಹ್ರಾಬನ ಹೆಂಡತಿ
ಕಂಬಿಗಳ ನಡುವೆ ಕೈ ತೂರಿಸಿ ಅವನ ಕೆನ್ನೆ ಮುಟ್ಟಿದಳಂತೆ.
ಕ್ಷಮಿಸಿದಂತಲ್ಲ,
ಕರಬೂಜ ಹಣ್ಣಾಗಿದೆಯೇ ಎಂದು ಒತ್ತಿ ನೋಡಿದಂತೆ.
ಕೊಂಡಳೇ? ಕೇಳಿದೆ.
"ಇನ್ನೂ ಚೌಕಾಸಿ ನಡೆದಿದೆ" ಎಂದ.

ನನ್ನ ಕಥೆ ಇಲ್ಲಿ ಯಾರೂ ಕೇಳುವುದಿಲ್ಲ.
ಆರು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ
ಪ್ಯಾಂಟು ಹಿಡಿದುಕೊಂಡು ಕೂತಿದ್ದೆ.
ಕಸುಬು ಮರೆತಿರಲಿಲ್ಲ, ಕೈ ಮರೆತಿತ್ತು.
ಈಗ ನೆಟ್ಟಗಿದೆ ಎನ್ನುತ್ತಾರೆ. ನೆಟ್ಟಗಿದೆ.
ಕಿವಿಯ ಹಿಂದೆ ಕತ್ತಿ ತಿರುಗಿಸುವಾಗ ಮಾತ್ರ
ಈಗಲೂ ಉಸಿರು ಬಿಗಿಹಿಡಿಯುತ್ತೇನೆ.

ಕೊನೆಗೆ ಖೊದಾದಾದ್, ಎಲ್ಲರಿಗಿಂತ ಚಿಕ್ಕವನು.
ಮೂರು ವಾರದಿಂದ ಒಂದು ಮಾತಾಡಿಲ್ಲ.
ಗಂಟಲಗಂಟು ಮೇಲೇರುತ್ತದೆ, ಕೆಳಗಿಳಿಯುತ್ತದೆ.
ಕತ್ತಿ ಎತ್ತಿ ಕಾಯುತ್ತೇನೆ ಅವನು ನುಂಗಿಕೊಳ್ಳುವ ತನಕ.
ಮರುಭೂಮಿಯ ಗಾಳಿ ಬಂದು ನೊರೆಗೆ ಧೂಳು ಕೂರಿಸುತ್ತದೆ;
ಒರೆಸಿ, ಮತ್ತೆ ಹಚ್ಚುತ್ತೇನೆ.
ಅವಸರ ಯಾರಿಗಿದೆ?

ಇವತ್ತು ಬಟ್ಟೆ ಬಿಚ್ಚಿ ಕೊಡವುವಾಗ ಕೇಳಿದ,
"ಹೇಗಿದ್ದೇನೆ?"

ಕನ್ನಡಿಯಿಲ್ಲದ ಮನೆಯಲ್ಲಿ ಅದು ಸಣ್ಣ ಪ್ರಶ್ನೆಯಲ್ಲ.
ಚೆನ್ನಾಗಿದ್ದೀಯ ಎನ್ನಬಹುದಿತ್ತು. ಎಲ್ಲರೂ ಅನ್ನುತ್ತಾರೆ.
ಬಗ್ಗಿ, ಸರಿಯಾಗಿ ನೋಡಿ ಹೇಳಿದೆ,
"ಎಡಗೆನ್ನೆಯಲ್ಲಿ ಒಂದು ಮಚ್ಚೆ ಇದೆ."

ಬೆರಳು ತಂದು ಹುಡುಕಿದ, ಮೆಲ್ಲಗೆ,
ಹಳೆಯ ಮನೆಯ ದೀಪದ ಸ್ವಿಚ್ಚು ತಡಕುವವನಂತೆ.

"ಇದೆಯಾ," ಎಂದ,
"ಇನ್ನೂ?"