ಚುಕ್ಕಿಯಿಲ್ಲದ ಗಾಳಿ

ಸಿನೋಪಿನ ಸಂಜೆ ಶಾಲೆ. ಮಂಗಳವಾರ.
ಹೊರಗೆ ಕಪ್ಪು ಸಮುದ್ರ ಬಂದರಿನ ಗೋಡೆಗೆ
ಹೇಳಿದ್ದನ್ನೇ ಹೇಳುತ್ತಿದೆ;
ಲೂಪ್ ಅಂದರೆ ಏನೆಂದು ನಾನು ಬೇರೆ ವಿವರಿಸಬೇಕಾಗಿಲ್ಲ.
ಆದರೂ ಸೀಮೆಸುಣ್ಣ ಹಿಡಿದು ಬರೆದೆ:
ಸಾಲಿನಲ್ಲಿರುವ ಒಂದೊಂದು ಪದವನ್ನೂ ನೋಡು.
ಹುಡುಕುವ ಪದವೇ ಆಗಿದ್ದರೆ ಎಣಿಕೆಗೆ ಒಂದು ಸೇರಿಸು.
ಇಲ್ಲದಿದ್ದರೆ...
'ಇಲ್ಲದಿದ್ದರೆ ಸುಮ್ಮನಿರು,' ಅಂದರು ಹಿಂದಿನ ಬೆಂಚಿನಿಂದ
ರಾಸಿಮ್ ರೇಯಿಸ್. ಎಪ್ಪತ್ತೊಂದು ವರ್ಷ,
ಎಡಗೈಯಲ್ಲಿ ಮೂರೇ ಬೆರಳು.

ಉಳಿದವರದು ಪುಸ್ತಕದ ಅಭ್ಯಾಸ:
ಸ್ವರ ಎಣಿಸುವುದು, ಹೆಸರು ತಿರುಗಿಸುವುದು.
ಸೆಲ್ವಿ ಹಿಂದುಮುಂದಾಗಿ ಇವ್ಲೆಸ್ ಆದಾಗ
ಇಡೀ ತರಗತಿ ನಕ್ಕಿತು.
ರೇಯಿಸ್ ತಂದದ್ದು ಹನ್ನೊಂದು ಚಳಿಗಾಲದ ದೋಣಿ ದಿನಚರಿ,
ಎಲ್ಲ ದಪ್ಪಕ್ಷರ
(ಅಲೆಯ ಮೇಲೆ ಸಣ್ಣಕ್ಷರ ನಿಲ್ಲುವುದಿಲ್ಲವಂತೆ),
ಮೊಮ್ಮಗ ಟೈಪು ಮಾಡಿದ್ದಾನೆ, ಇದ್ದದ್ದು ಇದ್ದ ಹಾಗೆ,
ತಪ್ಪನ್ನೂ ತಿದ್ದದೆ.
ಯಾವ ಗಾಳಿ ಎಷ್ಟು ದಿನ? ಅವರಿಗೆ ಬೇಕಾದದ್ದು ಇಷ್ಟೆ.
ಚಹದಂಗಡಿಯಲ್ಲಿ ನುರೆತ್ತಿನ್ ಜೊತೆ ಏನೋ ಪಂತ.

ಓಡಿಸಿದೆವು.
ಪೊಯ್ರಾಜ್, ಮುನ್ನೂರ ನಾಲ್ಕು.
ಲೊದೊಸ್, ನೂರಾ ಎಂಬತ್ತು.
ಯಿಲ್ದಿಜ್, ನಕ್ಷತ್ರದ ಹೆಸರು ಹೊತ್ತ ಬಡಗಣ ಗಾಳಿ,
ಸೊನ್ನೆ.

ರೇಯಿಸ್ ಪರದೆ ನೋಡಿದರು. ಎಡಗೈ ನೋಡಿಕೊಂಡರು.
'ಹಾಗಾದರೆ ಈ ಎರಡು ಬೆರಳು
ನಾನೇ ಎಲ್ಲೋ ಮರೆತು ಬಂದೆನೇನೊ.'

ಎತ್ತು ಈಯಿತು ಎಂದರೆ
ಕೊಟ್ಟಿಗೆಗೆ ಕಟ್ಟು ಎನ್ನುವ ಯಂತ್ರ ಇದು;
ಸುಳ್ಳು ಹೇಳುವಷ್ಟು ಬುದ್ಧಿ ಎಲ್ಲಿಯದು?
ದಪ್ಪಕ್ಷರವನ್ನೆಲ್ಲ ಸಣ್ಣದು ಮಾಡು, ಆಮೇಲೆ ಹೋಲಿಸು
ಎಂದವಳು ನಾನು.
ನಮ್ಮ ಲಿಪಿಯಲ್ಲಿ ಇ ಅನ್ನುವುದು ಒಂದು ಕಡ್ಡಿ,
ಅದರಲ್ಲಿ ಎರಡು ಬಗೆ.
ಒಂದು ತಲೆಯ ಮೇಲೆ ಚುಕ್ಕಿ ಇಟ್ಟುಕೊಂಡು
ಹಲ್ಲಿನ ಹತ್ತಿರ ಮಿನುಗುವುದು.
ಇನ್ನೊಂದು ಬೋಳು, ಗಂಟಲೊಳಗೇ ಕೂತು ಗೊಣಗುವುದು.
ಎಲ್ಲೋ ದೂರದಲ್ಲಿ ನಿಯಮ ಬರೆದವರಿಗೆ
ಗೊತ್ತಿದ್ದುದು ಮೊದಲನೆಯದು.
ನಮ್ಮ ಬೋಳು ಅಕ್ಷರ ಸಣ್ಣದಾಗುವ ಹೊತ್ತಿಗೆ
ಕೇಳದೆಯೇ ಚುಕ್ಕಿ ಇಟ್ಟು ಕಳಿಸಿದರು.
ಗಾಳಿ ಬಂತು, ಹಣೆಗೆ ಯಾರದೋ ಬೊಟ್ಟು.
ನೀನೇ ಏನು? ಅಲ್ಲ.
ನೀನು? ಅಲ್ಲ.
ಹನ್ನೊಂದು ಚಳಿಗಾಲದ ಒಂದೊಂದು ಬಿರುಗಾಳಿಯನ್ನೂ
ಬಾಗಿಲಲ್ಲೇ ತಡೆದು ವಾಪಸು ಕಳಿಸಿ
ಲೂಪ್ ಮುಂದಿನ ಸಾಲಿಗೆ ಹೋಯಿತು,
ಬಹಳ ಮರ್ಯಾದೆಯಿಂದ.

ಇನ್ನೊಂದು ಷರತ್ತು ಬೇಕಿತ್ತು. ಸೆಲ್ವಿ ಟೈಪಿಸಿದಳು:
ಅಕ್ಷರ ಬೋಳಾಗಿದ್ದರೆ
ಬೋಳಾಗಿಯೇ ಇರಲಿ ಬಿಡು.
(ಎರಡು ಸಲ ಕೋಲನ್ ಮರೆತಳು, ಒಂದು ಸಲ ಅಂಚು ತಪ್ಪಿತು.)
ಇನ್ನೂರ ಹದಿನೇಳು.
ರೇಯಿಸ್ ತಲೆದೂಗಿದರು,
ಹಳೆಯ ಬಾಕಿ ವಸೂಲಾದವರ ಹಾಗೆ.

ಆಮೇಲೆ ಬೆರಳು ಮಡಿಸಿ ಲೆಕ್ಕ ಹಾಕಿ ಕೇಳಿದರು:
'ಎಲ್ಲ ಕೂಡಿಸಿದರೂ ದಿನ ಕಮ್ಮಿ ಬೀಳುತ್ತಲ್ಲ, ಹೊಜಾಮ್?'
ಹೌದು. ಸಾಲು ಖಾಲಿ ಇದ್ದರೆ ದಾಟಿ ಹೋಗು
ಎಂದು ನಾನೇ ಬರೆದಿದ್ದೆ.
ಮೂವತ್ತೆಂಟು ದಿನ. ತಾರೀಖಿನ ಮುಂದೆ ಒಂದಕ್ಷರವಿಲ್ಲ.
ದನಿ ತಗ್ಗಿಸಿದೆ.
ಕಾಯಿಲೆಯೆ? ಯಾರಾದರೂ ಸಮುದ್ರದಲ್ಲಿ...
'ಹಮ್ಸಿ,' ಅಂದರು.
'ಮೀನು, ಮೀನು! ಬಲೆ ಎಳೆದೆಳೆದು ತೋಳು ಬಿದ್ದುಹೋಗುವಾಗ
ಪೆನ್ನು ಹಿಡಿಯಲು ಯಾರಿಗೆ ಪುರಸೊತ್ತು?
ಅಂಥ ದಿನ ಗಾಳಿ ಯಾವ ಕಡೆಯದಾದರೇನು!'

ಮನೆಗೆ ಹೊರಡುವ ಮುಂಚೆ ತಾವೇ ಕೂತರು.
ಎಂಟು ಬೆರಳಲ್ಲಿ ಒಂದೊಂದೇ ಕೀಲಿ ಒತ್ತಿ,
ಒತ್ತಿದ್ದನ್ನು ಅಳಿಸಿ, ಮತ್ತೆ ಒತ್ತಿ,
ಕಾವಲುಗಾರ ದೀಪ ಆರಿಸಲು ಬಂದು ನಿಂತಿದ್ದ.
ಈಗ ಅಲ್ಲಿ ಹೀಗಿದೆ:

ಸಾಲು ಖಾಲಿ ಇದ್ದರೆ
ದಾಟಬೇಡ.
ಮೀನು ಅಂತ ಬರೆ.