ಎರಡರಿಂದ ಮೂರಕ್ಕೆ

ಬಂದ್ಯೋಡಿನ ಏರಿನಲ್ಲಿ ಮತ್ತೆ ಅದೇ:
ಇಂಜಿನ್ನು ಕೂಗುತ್ತದೆ, ಕಾರು ಹೋಗುವುದಿಲ್ಲ.
ಎರಡು ಬಿಟ್ಟಾಗಿದೆ, ಮೂರು ಸಿಕ್ಕಿಲ್ಲ,
ನಡುವೆ ಒಂದು ಉಸಿರಿನಷ್ಟು ಹೊತ್ತು
ನಾನು ಯಾವ ಗೇರಿನವನೂ ಅಲ್ಲ.
ಹಿಂದಿನ ಮೀನಿನ ಲಾರಿ ಹಾರನ್ ಒತ್ತಿಯೇ ಹಿಡಿದಿದೆ.
ಆಮೇಲೆ ಧಡ್.
ಬೆನ್ನಿಗೆ ಯಾರೋ ಗುದ್ದಿದ ಹಾಗೆ.

ತೊಂಬತ್ತೆಂಟರ ಗಾಡಿ. ಹಲ್ಲಿನ ಡಾಕ್ಟರೊಬ್ಬರು ಮಾರಿದ್ದು.
ಕ್ಲಚ್ಚಿಲ್ಲ ಎಂಬ ಒಂದೇ ಕಾರಣಕ್ಕೆ ಕೊಂಡೆ:
ಪೋಲಿಯೋ ಮುಟ್ಟಿದ ನನ್ನ ಎಡಗಾಲು
ಅದರಲ್ಲಿ ಸುಮ್ಮನೆ ಕೂತು ಊರು ನೋಡಬಹುದು.

ಉಪ್ಪಳದಲ್ಲಿ ಅಂದುಂಞಿ ಬಾನೆಟ್ ಎತ್ತಿದ.
"ಆಫ್ ಮಾಡ್ಬೇಡಿ, ಬಿಸಿ ಇರುವಾಗ್ಲೇ ನೋಡ್ಲಿಕ್ಕುಂಟು."
ಕಡ್ಡಿ ಎಳೆದು, ಬನಿಯನ್ ಚೂರಿಗೆ ಒರೆಸಿ, ಮತ್ತೆ ಅದ್ದಿ,
ಮೂಗಿಗೆ ಹಿಡಿದ.
ಪುನರ್ಪುಳಿ ಶರಬತ್ತಿನ ಬಣ್ಣ ಇರಬೇಕಾದ್ದು
ತಳ ಹಿಡಿದ ಬೆಲ್ಲದ ಪಾಕ.

"ಪೂರಾ ಬದಲಾಯಿಸು" ಅಂದೆ.
ಅವನು ನಕ್ಕ. ಮನೆಗೆ ಮಲಯಾಳದಲ್ಲಿ ಫೋನು,
ಹುಡುಗನಿಗೆ ತುಳುವಿನಲ್ಲಿ ಬೈಗಳು,
ನನ್ನ ಕಡೆ ತಿರುಗುವಾಗ ಕನ್ನಡ.
ಎಲ್ಲೂ ಒಂದು ಜರ್ಕಿಲ್ಲ.
"ಈ ಪ್ರಾಯದ ಗೇರ್‌ಬಾಕ್ಸಿಗೆ, ಮಾಷ್ಟ್ರೆ,
ಸವೆದ ಪ್ಲೇಟಿಗೆ ಈಗ ಹಿಡಿತ ಕೊಡುವುದೇ ಆ ಕಸ.
ತೊಳೆದ್ರೆ ನಾಳೆ ರಿವರ್ಸೂ ಇಲ್ಲ."

ಕೇಬಲ್ಲಿನ ನಟ್ಟು ಎರಡು ಸುತ್ತು ಬಿಗಿ ಮಾಡಿದ.
ಒಂದು ಲೀಟರ್ ಇಳಿಸಿ ಒಂದು ಲೀಟರ್ ಹೊಯ್ದ.

ವಾಪಸು ಬರುವಾಗ ಆ ಏರೇ ಇಳಿತ,
ಏನೂ ಗೊತ್ತಾಗುವುದಿಲ್ಲ.
ಕೆಳಗೆ ಪೆಟ್ರೋಲ್ ಪಂಪಿನಲ್ಲಿ ತಿರುಗಿಸಿ
ಮತ್ತೆ ಹತ್ತಿಸಿದೆ.
ಮೂರು ಬರುವ ಜಾಗ.
ರೇಡಿಯೋ ಆರಿಸಿದೆ. ಕಿಟಕಿ ಏರಿಸಿದೆ.
ಎಡಗಾಲು, ಯಾರೂ ಕರೆಯದೆ,
ಖಾಲಿ ಮ್ಯಾಟಿನ ಮೇಲೆ
ಏನನ್ನೋ ಒತ್ತಲು ನೋಡುತ್ತಿತ್ತು.