ಎರಡು ಬುಟ್ಟಿ

ದೀಪ ಇನ್ನಷ್ಟು ಹತ್ತಿರ ತಾ, ಜುಮ್ರಿ.
ಕಣ್ಣಿಗಲ್ಲ, ಕೈಗೆ ಬೇಕು ಬಿಸಿ.
ಬೆರಳು ತಣ್ಣಗಿದ್ದರೆ ಮರಿ ಮುದುಡುತ್ತದೆ,
ಮುದುಡಿದ ಮರಿ ಏನನ್ನೂ ಹೇಳುವುದಿಲ್ಲ.

ಹೀಗೆ, ಅಂಗೈ ಮೇಲೆ ಮಲಗಿಸು.
ಬಾಲ ಹಿಂದಕ್ಕೆ. ಹೆಬ್ಬೆರಳು ಇಲ್ಲಿ, ಮೆಲ್ಲಗೆ.
ಎಳ್ಳಿನಷ್ಟು ಅರಳಿದರೆ ಸಾಕು.
ಅಕ್ಕಿನುಚ್ಚಿನಂಥ ಮೊನೆ ಕಂಡರೆ ಗಂಡು, ಎಡಬುಟ್ಟಿಗೆ.
ಕಾಣದಿದ್ದರೆ ಬಲಬುಟ್ಟಿಗೆ.
ಇಷ್ಟೇ ನನ್ನ ವಿದ್ಯೆ. ಮೂವತ್ತೊಂದು ವರ್ಷ
ಅಮುಂತಾಯಿಯ ಈ ಜೌಗಿನ ಮರಿಗಳು
ಇದೇ ಬೆರಳ ಸಂದಿಯಲ್ಲಿ ಹಾದು
ಸಂತೆಯ ದೋಣಿ ಹತ್ತಿವೆ.
ಬಲಬುಟ್ಟಿಯದಕ್ಕೆ ಒಂಬತ್ತು ಸಾವಿರ ರುಪಿಯಾ,
ಎಡಬುಟ್ಟಿಯದು ಮೂರು ದಾಟಿದರೆ ಹಬ್ಬ.

ನೀನು ಬಂಜಾರ್‌ಮಸಿನ್‌ನಿಂದ ಪುಸ್ತಕ ತಂದೆ.
ಬೆರಳು ಬೇಡ ಚಿಕ್ಕಮ್ಮ, ಬಣ್ಣ ಸಾಕು ಅಂದೆ.
ಕಂದು ಗಂಡಿನ ಜತೆ ಕಪ್ಪು ಹೆಣ್ಣುಗಳನ್ನು ಬಿಟ್ಟೆ.
ಇಪ್ಪತ್ತೆಂಟು ದಿನ
ಭತ್ತದ ಹೊಟ್ಟಿನ ಪೆಟ್ಟಿಗೆಗೆ ಕಿವಿಯಿಟ್ಟು ಮಲಗಿದೆ.
ಒಡೆದವು.
ಕಂದುಮರಿ ಎತ್ತಿ ನೋಡಿದೆ: ಹೆಣ್ಣು.
ಇನ್ನೊಂದು ಕಂದು: ಹೆಣ್ಣು.
ಕಪ್ಪು, ಗಂಡು. ಕಪ್ಪು, ಗಂಡು.
ನಲವತ್ತಾರು ಮರಿ, ಒಂದೂ ಸುಳ್ಳಾಡಲಿಲ್ಲ.
ನನ್ನ ಹೊಟ್ಟೆಯಲ್ಲಿ ಏನೋ ಕೆಳಗಿಳಿಯಿತು, ನಿಜ ಹೇಳುತ್ತೇನೆ.
ನಾಳೆ ಯಾವ ಪೋರನಾದರೂ
ಬಾಗಿಲಲ್ಲೇ ನಿಂತು ವಿಂಗಡಿಸಿಯಾನು,
ಬಾಳೆಹಣ್ಣು ತಿನ್ನುತ್ತ.

ಅಪ್ಪನ ಬಣ್ಣ ಮಗಳಿಗೆ, ಅಮ್ಮನದು ಮಗನಿಗೆ.
ನೆಲದ ಮೇಲೆ ಇದ್ದಿಲಲ್ಲಿ ಬರೆದು ತೋರಿಸಿದೆ:
ಗಂಡಿಗೆ ಈ ಬಣ್ಣದ ಚೀಟಿ ಎರಡು, ಹೆಣ್ಣಿಗೆ ಒಂದೇ,
ಆ ಒಂದೂ ಅಪ್ಪ ಕೊಟ್ಟದ್ದು.
ಹಾಗಾದರೆ ತಾಯಿ ಮಗಳಿಗೆ ಕೊಟ್ಟದ್ದೇನೋ, ಎಂದೆ.
ಇದ್ದಿಲ ಕೈಯಲ್ಲೇ ಮೂಗು ಒರೆಸಿಕೊಂಡೆ. ಆಮೇಲೆ ಅಂದೆ:
ಹೆಣ್ಣಾಗುವುದನ್ನ.
ಬಾತಿನಲ್ಲಿ ಗಂಡೋ ಹೆಣ್ಣೋ, ತಾಯಿಯ ಕಡೆಯಿಂದ.
ಮನುಷ್ಯರಲ್ಲಿ, ತಂದೆಯ ಕಡೆಯಿಂದ.

ಇನ್ನೊಮ್ಮೆ ಹೇಳು.

ಮನುಷ್ಯರಲ್ಲಿ, ತಂದೆಯ ಕಡೆಯಿಂದ.

ನಿನ್ನಜ್ಜಿ, ನನ್ನತ್ತೆ,
ನನಗೆ ಮೂರನೆಯದೂ ಹೆಣ್ಣಾದಾಗ
ಬಟ್ಟೆ ಸರಿಸಿ ನೋಡಿ, ಕೊಡ ಎತ್ತಿಕೊಂಡು
ನದಿಯ ಮೆಟ್ಟಿಲಿಳಿದಳು.
ಇವಳದ್ದು ಬರೀ ಬಲಬುಟ್ಟಿ,
ಎಂದಳಂತೆ ನೀರಿಗೆ.
ಹಿಂದಿನ ಸಂಜೆಯಷ್ಟೇ
ಪೆಟ್ಟಿಗೆಯಲ್ಲಿ ಹೆಣ್ಣೇ ಹೆಚ್ಚು ಒಡೆದವೆಂದು
ಎರಡು ಚಮಚ ಸಕ್ಕರೆ ಹಾಕಿ
ಚಹಾ ಕೊಟ್ಟವಳೂ ಅವಳೇ.
ಇರಲಿ, ಮಣ್ಣು ಸೇರಿದ್ದಾಳೆ.
ಚೀಟಿ ಓದುವವರು ಮನೆಯಲ್ಲಿ ಯಾರಿದ್ದರು ಆಗ?
ಆ ಮೂರನೆಯವಳೇ ರುಸಿಡಾ,
ಹೊರಗೆ ದೋಣಿಯಲ್ಲಿ ಹುಟ್ಟು ಹಿಡಿದು ಕೂತವಳು.
ಅಪ್ಪನದೇ ಬಣ್ಣ, ಕೊಂಚ ಅಪ್ಪನದೇ ಸಿಡುಕು.

ಆದರೆ ನಿನ್ನ ಬಣ್ಣದ ಮಾತು ಒಂದೇ ತಲೆಮಾರಿನದು, ಜುಮ್ರಿ.
ಸ್ಯಾಹ್ರಾನಿ ನಿನ್ನ ಮಾತು ಕೇಳಲಿಲ್ಲ.
ಆ ಕಪ್ಪು ಗಂಡುಗಳನ್ನು ಅವುಗಳ ಒಡಹುಟ್ಟಿದ
ಕಂದು ಹೆಣ್ಣುಗಳ ಜತೆಗೇ ಕೂಡಿಹಾಕಿದ.
ನಿನ್ನೆ ಒಡೆದವು.
ಕಂದು ಗಂಡು, ಕಪ್ಪು ಹೆಣ್ಣು,
ಕಪ್ಪು ಗಂಡು, ಕಂದು ಹೆಣ್ಣು,
ಕಲಸಿದ ಅನ್ನ.
ಕಾಯುತ್ತೇನೆ ಎಂದರೆ ಕಾಯಬಹುದು:
ಆರೇಳು ವಾರಕ್ಕೆ ಹೆಣ್ಣು ಊರೆಲ್ಲ ಕೇಳುವಂತೆ ಕೂಗುತ್ತದೆ,
ಗಂಡಿಗೆ ಗಂಟಲು ಕಟ್ಟುತ್ತದೆ,
ಬಾಲದ ಮೇಲೆ ಗರಿ ಸುರುಳಿಯಾಗುವುದು ಇನ್ನೂ ತಡವಾಗಿ.
ಆಗ ಕುರುಡನೂ ಹೇಳಿಯಾನು.
ಅಷ್ಟರಲ್ಲಿ ತಿಂದ ತೌಡಿಗೆ ಯಾರಪ್ಪ ಕೊಡುತ್ತಾನೆ?
ಬೆಳಗ್ಗೆಯಿಂದ ಮೂರು ಸಲ ಹೇಳಿಕಳಿಸಿದ್ದಾನೆ.
ಹೋಗುತ್ತೇನೆ. ಕೂಲಿ ಈ ಸಲ ಒಂದೂವರೆ ಪಟ್ಟು.

ಮುಖ ಸಣ್ಣಗೆ ಮಾಡಬೇಡ,
ನಿನ್ನ ಪುಸ್ತಕ ತಪ್ಪಲ್ಲ.
ಆ ಇದ್ದಿಲ ಗೆರೆಗಳನ್ನು ನಾನಿನ್ನೂ ಗುಡಿಸಿಲ್ಲ,
ನೋಡು, ಚಾಪೆ ಅದರ ಈಚೆಗೆ ಹಾಸಿದ್ದೇನೆ.

ನೀನೂ ಬಾ, ಸಾವಿರದಷ್ಟು ಮರಿಯಿವೆಯಂತೆ.
ಎಲ್ಲಿ, ಕೈ ಕೊಡು.
ಛೆ, ಇನ್ನೂ ತಣ್ಣಗಿದೆ.
ದೀಪಕ್ಕೆ ಹಿಡಿ.